‘ಜೀವ ಬ್ಯಾಸರ’ಕ್ಕೆ ಹಿಂದಿಯಲ್ಲಿ ಏನನ್ನುತ್ತಾರೆ?

ಎರಡು ಚಳಿಗಾಲದ ಹಿಂದಿನ ಮಾತು. ನೋಯ್ಡಾ ಎಕ್ಸ್‌ಟೆನ್ಷನ್ನಿನ ಒಂದು ಕ್ಲಿನಿಕ್ಕಿನಲ್ಲಿ ಗದಗದ ಕಡೆಯ ಹಿರಿಯ ಹೆಂಗಸೊಬ್ಬರ ಪಕ್ಕ ಕೂತಿದ್ದೆ. ಗಂಡ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಮಗನ ಹದಿನಾಲ್ಕನೇ ಮಹಡಿಯ ಫ್ಲ್ಯಾಟಿಗೆ ಬಂದವರು. ನಾನು ಅವರನ್ನು ದೊಡ್ಡವ್ವ ಅನ್ನುತ್ತೇನೆ, ಅವರಿಗೆ ನಾನು ತಂಗಿ. ಡಾಕ್ಟರು ಹಿಂದಿಯಲ್ಲಿ ಏನು ತೊಂದರೆ ಎಂದು ಕೇಳಿದರು. ದೊಡ್ಡವ್ವ ಮಗನ ಮುಖ ನೋಡಿ, ‘ಜೀವಕ್ಕ ಬ್ಯಾಸರ ಆಗೇತಿ ಅಂತ ಹೇಳಪಾ’ ಅಂದರು. ಮಗ ಹೇಳಿದ್ದು: ‘ಬೋರ್ ಹೋ ರಹೀ ಹೈಂ.’

ಡಾಕ್ಟರು ನಕ್ಕರು. ಪಾರ್ಕಿನಲ್ಲಿ ಅಡ್ಡಾಡಿ, ಸೊಸೈಟಿಯ ಸತ್ಸಂಗಕ್ಕೆ ಹೋಗಿ, ಮೊಮ್ಮಕ್ಕಳ ಜೊತೆ ಆಟವಾಡಿ ಎಂದರು. ಗ್ಯಾಸಿಗೊಂದು, ನಿದ್ದೆಗೊಂದು ಮಾತ್ರೆ, ಶಕ್ತಿಗೊಂದು ಟಾನಿಕ್ ಬರೆದರು. ಹತ್ತು ನಿಮಿಷವೂ ಆಗಿರಲಿಲ್ಲ, ನಾವು ಹೊರಗಿದ್ದೆವು.

ಮಗನದು ತಪ್ಪು ಎಂದು ನಾನು ಹೇಳಲಾರೆ. ಬೇಸರ ಎಂಬ ಪದದೊಳಗೆ ಎಷ್ಟು ಅರ್ಥಗಳಿವೆ ನೋಡಿ. ಹೊತ್ತು ಹೋಗದಿದ್ದರೂ ಬೇಸರ, ಯಾರೋ ಬಿರುಸಾಗಿ ಮಾತಾಡಿದರೂ ಬೇಸರ, ಸಾವಿನ ಮನೆಯಲ್ಲೂ ಬೇಸರ. ಆದರೆ ‘ಜೀವಕ್ಕ ಬ್ಯಾಸರ’ ಇವು ಯಾವುವೂ ಅಲ್ಲ. ಬದುಕೇ ಸಾಕಾಗಿದೆ ಎಂಬ ಮಾತು ಅದು. ಉತ್ತರ ಕರ್ನಾಟಕದ ಯಾವ ಮನೆಯಲ್ಲಾದರೂ ಅವ್ವ ಈ ಮಾತು ಆಡಿದರೆ ಒಳಗಿದ್ದವರು ಕೆಲಸ ಬಿಟ್ಟು ಹೊರಗೆ ಬಂದು ಕೂರುತ್ತಾರೆ. ನೋಯ್ಡಾದ ಆ ಕೋಣೆಯಲ್ಲಿ ಅದು ‘ಬೋರ್’ ಆಗಿ ಹೊರಗೆ ಬಂತು. ಮನೋವೈದ್ಯರು ಯಾವ ಮಾತಿಗಾಗಿ ಕಿವಿಗೊಟ್ಟು ಕಾಯುತ್ತಾರೋ ಆ ಮಾತೇ ದಾರಿಯಲ್ಲಿ ಬಿದ್ದುಹೋಯಿತು.

ಬಿದ್ದುಹೋದರೆ ಅಷ್ಟೊಂದು ನಷ್ಟವೇಕೆ? ಖಿನ್ನತೆಯನ್ನು ಪತ್ತೆ ಮಾಡಲು ವೈದ್ಯಶಾಸ್ತ್ರದ ಬಳಿ ಮಾತಿನ ಹೊರತು ಬೇರೆ ಉಪಕರಣ ಇಲ್ಲ. ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ, ಮೂಳೆ ಮುರಿದರೆ ಎಕ್ಸ್‌ರೇ ಇದೆ. ಖಿನ್ನತೆಗೆ ಅಂಥದ್ದೊಂದೂ ಇಲ್ಲ. ದಿಲ್ಲಿಯ ಲ್ಯಾಬುಗಳು ಮನೆ ಬಾಗಿಲಿಗೆ ಬಂದು ಎಪ್ಪತ್ತು ಎಂಬತ್ತು ಪರೀಕ್ಷೆಗಳ ‘ಫುಲ್ ಬಾಡಿ’ ಪ್ಯಾಕೇಜು ಮಾಡಿಕೊಡುತ್ತವೆ. ಅದರಲ್ಲಿ ಎಲ್ಲವೂ ನಾರ್ಮಲ್ ಎಂದು ಬಂದರೆ ‘ಅಮ್ಮನಿಗೆ ಏನೂ ಆಗಿಲ್ಲ, ಎಲ್ಲ ಮನಸ್ಸಿನದು’ ಎಂದು ಮನೆಯವರು ನಿರಾಳರಾಗುತ್ತಾರೆ. ಮನಸ್ಸಿನದು ಎಂಬ ಕಾರಣಕ್ಕೇ ಅಲ್ಲವೇ ಅಮ್ಮ ಒದ್ದಾಡುತ್ತಿರುವುದು?

ಮೆದುಳಿನ ರಾಸಾಯನಿಕ ಏರುಪೇರಾದರೆ ಖಿನ್ನತೆ ಬರುತ್ತದೆ ಎಂಬ ಮಾತು ನೀವು ಕೇಳಿರುತ್ತೀರಿ. ಆ ಮಾತಿನ ಬೇರಿನಲ್ಲಿ ನಮ್ಮದೇ ಒಂದು ಗಿಡ ಇದೆ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಸರ್ಪಗಂಧದ ಬೇರು ರಕ್ತದೊತ್ತಡಕ್ಕೂ ಚಿತ್ತದ ಕಾಯಿಲೆಗೂ ಉಪಯೋಗಕ್ಕೆ ಬರುತ್ತದೆಂದು ಬರೆದರು. ಮುಂದೆ ಆ ಬೇರಿನಿಂದ ತೆಗೆದ ರೆಸರ್ಪಿನ್ ಎಂಬ ಔಷಧ ಪ್ರಪಂಚದಾದ್ಯಂತ ಬಳಕೆಗೆ ಬಂತು. 1950ರ ದಶಕದಲ್ಲಿ ಅದನ್ನು ಬಿ.ಪಿ.ಗೆಂದು ನುಂಗಿದ ಕೆಲವರ ಮನಸ್ಸು ಕುಗ್ಗಿದ್ದು ಕಂಡಿತು. ಅದೇ ಹೊತ್ತಿಗೆ ಕ್ಷಯಕ್ಕೆ ಕೊಡುತ್ತಿದ್ದ ಬೇರೊಂದು ಮಾತ್ರೆ ರೋಗಿಗಳಲ್ಲಿ ಗೆಲುವು ತಂದಿತು. ಈ ಎರಡನ್ನೂ ಜೋಡಿಸಿ ನೋಡಿದವರಿಗೆ ಮೆದುಳಿನ ರಾಸಾಯನಿಕಗಳ ವಿಚಾರ ಹೊಳೆಯಿತು, ಔಷಧಗಳೂ ಹುಟ್ಟಿದವು. ಅವುಗಳಿಂದ ಲಕ್ಷಾಂತರ ಜನರಿಗೆ ಗುಣವಾಗಿದೆ. ಆದರೂ ರಕ್ತದಲ್ಲಿ ಸೆರೊಟೋನಿನ್ ಅಳೆದು ‘ನಿಮಗೆ ಖಿನ್ನತೆ ಇದೆ’ ಎಂದು ಹೇಳುವ ಪರೀಕ್ಷೆ ಇಂದಿಗೂ ಇಲ್ಲ. ಹೇಳುವವರು, ಕೇಳುವವರು, ನಡುವೆ ಒಂದು ಭಾಷೆ. ರೋಗ ಗೊತ್ತಾಗುವುದು ಅಲ್ಲಿಯೇ.

ದೊಡ್ಡವ್ವನ ವಿಷಯಕ್ಕೆ ಬರುತ್ತೇನೆ. ನಿದ್ದೆ ಮಾತ್ರೆಯಲ್ಲಿ ಒಂದು ತಿಂಗಳು ಕಳೆಯಿತು. ಅವರು ಹೆಸರು ಮರೆಯತೊಡಗಿದರು, ಗ್ಯಾಸ್ ಆರಿಸುವುದನ್ನು ಮರೆತರು. ಮಗನಿಗೆ ಮರೆವಿನ ಕಾಯಿಲೆಯ ದಿಗಿಲು ಹತ್ತಿತು. ದಿಲ್ಲಿಯ ಒಂದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗೋಣ ಎಂದಾಗ ದೊಡ್ಡವ್ವ ಕೇಳಿದ ಮೊದಲ ಪ್ರಶ್ನೆ, ‘ನನ್ನ ಧಾರವಾಡಕ್ಕ ಕಳಸ್ತೀರೇನು?’ ಆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧಾರವಾಡ ಎಂದರೆ ಅಲ್ಲಿನ ಮಾನಸಿಕ ಆಸ್ಪತ್ರೆ. ಹಳೇ ಮೈಸೂರಿನ ಕಡೆ ಆ ಜಾಗದಲ್ಲಿ ನಿಮ್ಹಾನ್ಸ್ ಹೆಸರು ಬರುತ್ತದೆ, ದಿಲ್ಲಿಯಲ್ಲಿ ಶಾಹದರಾ. ಒಂದು ಊರಿನ ಹೆಸರೇ ಬೈಗುಳವಾಗಿಬಿಟ್ಟರೆ ಆ ಊರಿನ ಆಸ್ಪತ್ರೆಗೆ ಕಾಲಿಡಲು ಯಾರಿಗೆ ಧೈರ್ಯ ಬರುತ್ತದೆ?

ಶಾಹದರಾದ ಕತೆ ಕನ್ನಡಿಗರಿಗೆ ಗೊತ್ತಿರಬೇಕಾದದ್ದು. 1966ರಲ್ಲಿ ಶುರುವಾದ ಅಲ್ಲಿನ ಮಾನಸಿಕ ಆಸ್ಪತ್ರೆಯ ಸ್ಥಿತಿ ಎಷ್ಟು ಹದಗೆಟ್ಟಿತ್ತೆಂದರೆ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬೆಂಗಳೂರಿನ ನಿಮ್ಹಾನ್ಸ್ ಮಾದರಿಯಲ್ಲಿ ಅದನ್ನು ಪುನಾರಚಿಸಬೇಕು ಎಂಬ ನಿರ್ದೇಶನ ಬಂತು. 1993ರಲ್ಲಿ ದಿಲ್ಷಾದ್ ಗಾರ್ಡನ್ನಿನಲ್ಲಿ ‘ಇಹ್ಬಾಸ್’ ಎಂಬ ಸಂಸ್ಥೆಯಾಗಿ ಅದು ಹೊಸ ಜನ್ಮ ಪಡೆಯಿತು. ಅಲ್ಲಿಗೆ ಈಗ ಮೆಟ್ರೋದ ಕೆಂಪು ಮಾರ್ಗದಲ್ಲಿ ಹೋಗಬಹುದು. ಬೀಗ ಹಾಕಿ ಕೂಡಿಡುವ ಜಾಗವಾಗಿದ್ದದ್ದು ಜನ ಬೆಳಿಗ್ಗೆ ಬಂದು ಚೀಟಿ ಮಾಡಿಸಿ, ತೋರಿಸಿಕೊಂಡು, ಮಧ್ಯಾಹ್ನ ಮನೆಗೆ ಹೋಗುವ ಆಸ್ಪತ್ರೆಯಾದದ್ದು ಸಣ್ಣ ಬದಲಾವಣೆಯಲ್ಲ.

ನಾವು ಹೋದ ಆಸ್ಪತ್ರೆಯಲ್ಲಿ ಕಿರಿಯ ವೈದ್ಯೆಯೊಬ್ಬರು ಸಿಕ್ಕರು. ಮೊದಲು ಮಗನಿಂದ ಎಲ್ಲ ಕೇಳಿಕೊಂಡರು. ಆಮೇಲೆ ಅವನನ್ನು ಹೊರಗೆ ಕೂರಲು ಹೇಳಿ ನನ್ನನ್ನು ಒಳಗೆ ಕರೆದರು. ನನಗೆ ಹೇಳಿದ್ದು ಇಷ್ಟು: ‘ಅವರು ಹೇಳಿದ್ದರ ಸಾರಾಂಶ ಬೇಡ. ಅವರ ಪದವನ್ನೇ ಮೊದಲು ಹೇಳಿ, ಅದಕ್ಕೆ ನಿಮ್ಮ ಕಡೆ ಏನರ್ಥ ಎಂಬುದನ್ನು ಆಮೇಲೆ ಹೇಳಿ.’ ಒಳ್ಳೆಯ ವೈದ್ಯರು ಹೇಗಿರುತ್ತಾರೆಂದು ಯಾರಾದರೂ ಕೇಳಿದರೆ ಈ ಎರಡು ವಾಕ್ಯ ನೆನಪಾಗುತ್ತವೆ.

ಮಗ ಇದ್ದಾಗ ಬಾರದ ಮಾತುಗಳು ಒಂದೊಂದಾಗಿ ಬಂದವು. ಎದೆಯ ಮೇಲೆ ಕಲ್ಲು ಇಟ್ಟಂಗ ಆಗ್ತೈತಿ. ನಸಿಕಿನ್ಯಾಗ ಮೂರಕ್ಕ ಎಚ್ಚರಾದ್ರ ಮುಗೀತು, ಮತ್ತ ಕಣ್ಣ ಹತ್ತಂಗಿಲ್ಲ. ರೊಟ್ಟಿ ಬಾಯಾಗ ಇಟ್ರ ಮಣ್ಣ ತಿಂದಂಗ. ಊರಿನಿಂದ ಬರುವಾಗ ಹಳೇ ಸೀರೆಗಳ ಗಂಟು ತಂದಿದ್ದರು, ಮೊಮ್ಮಗಳಿಗೆ ಕೌದಿ ಹೊಲಿಯುತ್ತೇನೆಂದು. ಅರ್ಧಕ್ಕೆ ನಿಂತಿದೆಯಂತೆ. ಯಾಕೆ ಎಂದರೆ, ‘ಸೂಜಿ ಹಿಡ್ಯಾಕ ಮನಸ್ಸಾಗವಲ್ದು, ತಂಗಿ.’ ಮಗಗ ಭಾರ ಆಗೀನಿ ಎಂದೂ ಅಂದರು. ಕಡೆಗೆ ವೈದ್ಯೆ ಮುಂದಕ್ಕೆ ಬಾಗಿ, ಬದುಕುವುದೇ ಬೇಡ ಅನ್ನಿಸಿದೆಯೇ ಎಂದು ನೇರವಾಗಿ ಕೇಳಿದರು. ಅದನ್ನು ಕನ್ನಡಕ್ಕೆ ತರಲು ನನ್ನ ನಾಲಿಗೆ ತಡವರಿಸಿತು. ದೊಡ್ಡವ್ವ ತಡವರಿಸಲಿಲ್ಲ. ‘ಮುಂಜಾನೆ ಕಣ್ಣ ತೆರೀಲಾರದಂಗ ಹೋಗಿಬಿಟ್ರ ಚಲೋ ಅನಸ್ತೈತಿ’ ಅಂದು ಅತ್ತರು. ಅಲ್ಲಿಯವರೆಗೆ ಅವರನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ನಾವು ಹೆದರುತ್ತೇವೆ. ಹಾಗಾಗುವುದಿಲ್ಲ ಎಂಬುದು ಮನೋವೈದ್ಯರು ಮತ್ತೆ ಮತ್ತೆ ಕಂಡುಕೊಂಡ ಸಂಗತಿ. ಕೇಳಿದಾಗ ಎದೆಯ ಭಾರವೇ ಇಳಿಯುತ್ತದೆ.

ವೈದ್ಯೆ ಕೇಳಿದ್ದೆಲ್ಲ ಹರಟೆಯಂತೆ ಕಂಡರೂ ಅದಕ್ಕೊಂದು ಲೆಕ್ಕ ಇತ್ತು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನ ಪ್ರಕಾರ ಖಿನ್ನತೆಗೆ ಒಂಬತ್ತು ಲಕ್ಷಣಗಳು. ಮನಸ್ಸು ಕುಗ್ಗಿರುವುದು ಮತ್ತು ಯಾವುದರಲ್ಲೂ ಆಸಕ್ತಿ, ಸಂತೋಷ ಇಲ್ಲದಿರುವುದು ಮೊದಲ ಎರಡು. ಉಳಿದವು ನಿದ್ದೆ, ಹಸಿವು ಅಥವಾ ತೂಕ, ನಿತ್ರಾಣ, ಏಕಾಗ್ರತೆ, ಮೈಯ ಚಲನೆ ಕಣ್ಣಿಗೆ ಕಾಣುವಷ್ಟು ನಿಧಾನವಾಗುವುದು ಅಥವಾ ಚಡಪಡಿಕೆ, ತಾನು ಯಾವುದಕ್ಕೂ ಬಾರದವಳು ಎಂಬ ಭಾವ ಅಥವಾ ಅಪರಾಧಿ ಭಾವ, ಸಾವಿನ ಯೋಚನೆ. ಇವುಗಳಲ್ಲಿ ಕನಿಷ್ಠ ಐದು, ಮೊದಲ ಎರಡರಲ್ಲಿ ಒಂದಾದರೂ ಸೇರಿ, ಎರಡು ವಾರ ಹೆಚ್ಚುಕಡಿಮೆ ಪ್ರತಿದಿನ ಇರಬೇಕು. ದಿನನಿತ್ಯದ ಬದುಕಿಗೆ ತೊಡಕಾಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅದು ‘ಮುಂದೆ ಏನೂ ಒಳ್ಳೆಯದಾಗದು’ ಎಂಬ ಹತಾಶೆಯನ್ನು ಹತ್ತನೆಯ ಲಕ್ಷಣವಾಗಿ ಸೇರಿಸಿಕೊಂಡಿದೆ.

ಈ ಲೆಕ್ಕವನ್ನು ಒಂದು ಸಂಜೆ ಹಾಳೆಯ ಮೇಲೆ ಹಾಕಿ ನೋಡಿದೆ. ಒಂಬತ್ತರಲ್ಲಿ ಐದು ಅಥವಾ ಹೆಚ್ಚು ಲಕ್ಷಣ ಸೇರುವ ಬಗೆಗಳು 256. ಮೊದಲ ಎರಡೂ ಇಲ್ಲದ 29 ಬಗೆಗಳನ್ನು ಕಳೆದರೆ ಉಳಿಯುವುದು 227. ಒಂದೇ ಹೆಸರಿನ ಕಾಯಿಲೆಗೆ 227 ಮುಖ! ಇಬ್ಬರಿಗೂ ಖಿನ್ನತೆಯೇ ಆಗಿದ್ದು, ಇಬ್ಬರ ನಡುವೆ ಸಮಾನವಾದ ಲಕ್ಷಣ ಒಂದೇ ಒಂದು ಇರುವುದೂ ಸಾಧ್ಯ. ಹಾಸಿಗೆ ಬಿಟ್ಟೇಳದೆ ಅಳುವವರದು ಮಾತ್ರ ಖಿನ್ನತೆ ಎಂದುಕೊಂಡವರಿಗೆ ಸೊಸೈಟಿಯ ಲಿಫ್ಟಿನಲ್ಲಿ ನಕ್ಕು ಮಾತಾಡಿಸಿ, ಮನೆಗೆ ಬಂದು ಕತ್ತಲಲ್ಲಿ ಕೂರುವವರು ಕಣ್ಣಿಗೆ ಬೀಳುವುದು ಹೇಗೆ?

ಪಟ್ಟಿ ಇದ್ದ ಮಾತ್ರಕ್ಕೆ ಕೆಲಸ ಸುಲಭವಾಗುವುದೂ ಇಲ್ಲ. ಡಿಎಸ್‌ಎಂನ ಐದನೆಯ ಆವೃತ್ತಿ 2013ರಲ್ಲಿ ಬರುವ ಮುಂಚೆ ಅಮೆರಿಕ ಮತ್ತು ಕೆನಡಾದಲ್ಲಿ ಒಂದು ಪರೀಕ್ಷೆ ನಡೆಸಿದರು. ಒಬ್ಬನೇ ರೋಗಿಯನ್ನು ತರಬೇತಿ ಪಡೆದ ಇಬ್ಬರು ಚಿಕಿತ್ಸಕರು ಪ್ರತ್ಯೇಕವಾಗಿ ನೋಡಿದರೆ ಇಬ್ಬರೂ ಒಂದೇ ನಿರ್ಣಯಕ್ಕೆ ಬರುತ್ತಾರೆಯೇ ಎಂದು. ಪೂರ್ತಿ ಒಮ್ಮತಕ್ಕೆ 1 ಅಂಕ, ಆಕಸ್ಮಿಕ ಹೊಂದಿಕೆಗಿಂತ ಹೆಚ್ಚೇನಿಲ್ಲದಿದ್ದರೆ 0. ಖಿನ್ನತೆಗೆ ಸಿಕ್ಕಿದ್ದು 0.28. ಒಂದೇ ಭಾಷೆ ಆಡುವ ರೋಗಿ, ವೈದ್ಯರ ನಡುವೆಯೇ ಹೀಗಾದರೆ, ಗದಗದ ಮಾತು ಮಗನ ಹಿಂದಿಯಲ್ಲಿ ನುಸುಳಿ ಡಾಕ್ಟರ ಇಂಗ್ಲಿಷ್ ಚೀಟಿಗೆ ಇಳಿಯುವಾಗ ಎಷ್ಟು ಸೋರಿಹೋಗುತ್ತದೆ ಎಂದು ನೀವೇ ಊಹಿಸಿ. ಈ ಅಂಕವನ್ನು ಹಿಡಿದು ಮನೋವೈದ್ಯ ಶಾಸ್ತ್ರವೇ ಪೊಳ್ಳು ಎನ್ನುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದೇ ಭೇಟಿಯಲ್ಲಿ, ಅವಸರದಲ್ಲಿ ತೀರ್ಮಾನ ಬೇಡ, ಮತ್ತೆ ಮತ್ತೆ ನೋಡಬೇಕು, ಹೆಚ್ಚು ಕೇಳಿಸಿಕೊಳ್ಳಬೇಕು ಎಂದಷ್ಟೇ ಅದರಿಂದ ತಿಳಿಯುತ್ತದೆ.

ಮೊಬೈಲಿನಲ್ಲಿ ಹರಿದಾಡುವ ಒಂಬತ್ತು ಪ್ರಶ್ನೆಗಳ ‘ಪಿಎಚ್‌ಕ್ಯೂ-9’ ಬಗ್ಗೆಯೂ ಒಂದು ಮಾತು. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತು ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಅದು ಬಾಗಿಲು ತಟ್ಟುವ ಕೆಲಸ ಮಾಡುತ್ತದೆ, ನಿರ್ಣಯ ಕೊಡುವುದಿಲ್ಲ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ ಒಂದು ಅಂಕ ಬಂದರೂ, ಉಳಿದದ್ದು ಎಷ್ಟೇ ಕಡಿಮೆ ಇದ್ದರೂ, ಸುಮ್ಮನಿರಬಾರದು. ‘ಬೋರ್’ ಎಂಬ ಅನುವಾದದಲ್ಲಿ ಕಳೆದುಹೋದದ್ದು ಈ ಒಂಬತ್ತನೆಯ ಪ್ರಶ್ನೆ.

ಖಿನ್ನತೆ ಎನ್ನುವ ಮುಂಚೆ ಬೇರೆಯದನ್ನು ತಳ್ಳಿಹಾಕಬೇಕು. ರಕ್ತ ಪರೀಕ್ಷೆಗೆ ಬೆಲೆ ಬರುವುದು ಇಲ್ಲಿ. ಥೈರಾಯ್ಡ್ ಕುಂದಿದ್ದರೆ, ರಕ್ತಹೀನತೆ ಇದ್ದರೆ, ಬಿ-12 ಕಡಿಮೆಯಾಗಿದ್ದರೆ ಮನಸ್ಸೂ ಮೈಯೂ ಇದೇ ರೀತಿ ಮಂಕಾಗುತ್ತವೆ. ಸ್ಟೀರಾಯ್ಡ್ ಮಾತ್ರೆ, ಕುಡಿತ ಕೂಡ ಹೀಗೆ ಮಾಡಬಲ್ಲವು. ದೊಡ್ಡವ್ವನ ಥೈರಾಯ್ಡ್ ಸರಿಯಿತ್ತು, ಬಿ-12 ಕಡಿಮೆ ಇತ್ತು. ಅದಕ್ಕೂ ಸೂಜಿ ಶುರುವಾಯಿತು. ಹಿಂದೆ ಎಂದಾದರೂ ನಿದ್ದೆಯೇ ಬೇಡವಾಗಿ, ಮಿತಿಮೀರಿದ ಹುರುಪು, ಲೆಕ್ಕವಿಲ್ಲದ ಖರ್ಚು, ನಿಲ್ಲದ ಮಾತು ಇದ್ದ ದಿನಗಳು ಬಂದಿದ್ದವೇ ಎಂದೂ ವೈದ್ಯೆ ಕೇಳಿದರು. ಬಂದಿದ್ದರೆ ಅದು ಬೈಪೋಲಾರ್ ಕಾಯಿಲೆ ಇರಬಹುದು. ಅದಕ್ಕೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದ ಕೆರಳುವ ಅಪಾಯ ಇದೆ. ಈ ಒಂದು ಪ್ರಶ್ನೆ ಕೇಳದೆ ಮಾತ್ರೆ ಬರೆಯುವವರ ಬಗ್ಗೆ ಎಚ್ಚರವಾಗಿರಿ.

ಮರೆವು? ವಯಸ್ಸಾದವರಲ್ಲಿ ಖಿನ್ನತೆ ಎಷ್ಟೋ ಸಲ ಮರೆವಿನ ವೇಷದಲ್ಲಿ ಬರುತ್ತದೆ. ನಿಜವಾದ ಮರೆವಿನ ಕಾಯಿಲೆಯಲ್ಲಿ ಜನ ಮರೆತದ್ದನ್ನು ಮುಚ್ಚಿಕೊಳ್ಳಲು ನೋಡುತ್ತಾರೆ, ಏನೋ ಒಂದು ಉತ್ತರ ಕಟ್ಟುತ್ತಾರೆ. ಖಿನ್ನತೆಯಲ್ಲಿದ್ದವರು ಯತ್ನಿಸದೆಯೇ ‘ಗೊತ್ತಿಲ್ಲ’ ಎಂದುಬಿಡುತ್ತಾರೆ, ತಮಗೆ ಮರೆವು ಎಂದು ತಾವೇ ದೂರುತ್ತಾರೆ. ಇದೇ ಕಡೆಯ ಮಾತಲ್ಲ, ಎರಡೂ ಒಟ್ಟಿಗೆ ಇರುವುದುಂಟು. ಜೊತೆಗೆ ನಿದ್ದೆ ಮಾತ್ರೆಗಳೂ ವೃದ್ಧರ ನೆನಪನ್ನು ಮಬ್ಬುಗೊಳಿಸುತ್ತವೆ. ಹಾಗಾಗಿ ಮೊದಲು ಆ ಮಾತ್ರೆಯನ್ನು ಮೆಲ್ಲಗೆ ಇಳಿಸಿ ಬಿಡಿಸಿದರು.

ಗಂಡ ಸತ್ತು ಮೂರು ವರ್ಷ, ದುಃಖ ಸಹಜವಲ್ಲವೇ ಎಂದು ನಾನೇ ಕೇಳಿದ್ದೆ. ದುಃಖ ಅಲೆಯಂತೆ ಬರುತ್ತದೆ, ಹೋಗುತ್ತದೆ, ನಡುವೆ ಮೊಮ್ಮಗಳ ಮಾತಿಗೆ ನಗು ಬರುತ್ತದೆ, ಸತ್ತವರ ನೆನಪಿನಲ್ಲಿ ಸಿಹಿಯೂ ಇರುತ್ತದೆ. ಖಿನ್ನತೆಯಲ್ಲಿ ಆ ನಡುವಿನ ಬಿಡುವೇ ಇಲ್ಲ, ಮತ್ತು ಅದು ತನ್ನ ಮೇಲೆಯೇ ತಿರುಗುತ್ತದೆ. ‘ಅವರು ಹೋದರು’ ಎಂಬ ನೋವು ‘ನಾನು ಯಾಕೆ ಉಳಿದೆ’ ಎಂದಾಗಿರುತ್ತದೆ.

ದೊಡ್ಡವ್ವ ಮೊದಲ ಡಾಕ್ಟರ ಮುಂದೆ ಎದೆ ಉರಿ, ತಲೆ ಭಾರ, ಸುಸ್ತು ಎಂದೂ ಹೇಳಿದ್ದರು. ಗ್ಯಾಸಿನ ಮಾತ್ರೆ ಸಿಕ್ಕಿದ್ದು ಅದಕ್ಕೇ. ನಮ್ಮಲ್ಲಿ ಮನಸ್ಸಿನ ನೋವು ಮೈಯ ನೋವಾಗಿ ಹೊರಬರುವುದು ಏಕೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉತ್ತರ ಹುಡುಕಿದವರಿದ್ದಾರೆ. ಡಾ. ಆರ್. ರಘುರಾಮ್, ಡಾ. ಎಸ್.ಎಂ. ಚನ್ನಬಸವಣ್ಣ ಮತ್ತು ಅವರ ಸಂಗಡಿಗರು ನಿಮ್ಹಾನ್ಸ್‌ಗೆ ಬಂದ 80 ಖಿನ್ನತೆಯ ರೋಗಿಗಳನ್ನು ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಮನಸ್ಸಿನ ಕುಗ್ಗುವಿಕೆ ಹೆಚ್ಚಿದ್ದಷ್ಟೂ ಕಳಂಕದ ಅಂಜಿಕೆ ಹೆಚ್ಚಿತ್ತು, ಮೈ ನೋವನ್ನು ಮುಂದಿಟ್ಟವರಲ್ಲಿ ಆ ಅಂಜಿಕೆ ಕಡಿಮೆ ಇತ್ತು. ಬೆನ್ನು ನೋವು ಎಲ್ಲರಿಗೂ ಬರುತ್ತದೆ, ಅದನ್ನು ಹೇಳಿಕೊಂಡರೆ ಮಗಳ ಮದುವೆಗೆ ಅಡ್ಡಿಯಾಗುವುದಿಲ್ಲ. ಮನಸ್ಸಿನದು ಎಂದರೆ ಆಗುತ್ತದೆ. ದಿಲ್ಲಿಯವರ ‘ಘಬರಾಹಟ್’, ‘ಕಮಜೋರಿ’, ‘ಗ್ಯಾಸ್’ ಎಂಬ ಮಾತುಗಳ ಹಿಂದೆಯೂ ಎಷ್ಟೋ ಸಲ ಇದೇ ಇರುತ್ತದೆ.

ಇವರು ಎಲ್ಲೋ ಒಬ್ಬಿಬ್ಬರಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕಂಡುಕೊಂಡದ್ದು, ಇಪ್ಪತ್ತು ವಯಸ್ಕರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ ಎಂದು. ಅವರಲ್ಲಿ ನೂರಕ್ಕೆ 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ದಿಲ್ಲಿಯಾಗಲಿ ಕರ್ನಾಟಕವಾಗಲಿ ಆ 12ರಲ್ಲಿ ಇರಲಿಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದೆ. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯ್ದೆ, ಚಿಕಿತ್ಸೆಗೆ ಒಪ್ಪಿಗೆ ಕೇಳುವ ಮುಂಚೆ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ವಿವರ ಹೇಳಬೇಕು ಎನ್ನುತ್ತದೆ. ಕಾಯಿಲೆಯ ವಿಷಯ ಗುಟ್ಟಾಗಿರಬೇಕು, ವಿಮೆಯಲ್ಲಿ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಗೂ ಭೇದ ಮಾಡಬಾರದು ಎಂದೂ ಅದರಲ್ಲಿದೆ. ಅರ್ಥವಾಗುವ ಭಾಷೆ ಎಂಬ ಮಾತು ಗದಗದ ದೊಡ್ಡವ್ವನಿಗೂ ಸಲ್ಲುತ್ತದೆ, ದಿಲ್ಲಿಗೆ ಬಂದ ಮಣಿಪುರದ ಹುಡುಗನಿಗೂ ಸಲ್ಲುತ್ತದೆ. ಎಷ್ಟು ಆಸ್ಪತ್ರೆಗಳಲ್ಲಿ ದುಭಾಷಿಗಳಿದ್ದಾರೆ ಎಂದು ಕೇಳುವ ಹಕ್ಕು ನಮಗಿದೆ.

ದೊಡ್ಡವ್ವನಿಗೆ ಒಂದು ಮಾತ್ರೆ ಶುರುವಾಯಿತು, ವಾರಕ್ಕೊಮ್ಮೆ ಮಾತುಕತೆಯೂ. ಈ ಮಾತ್ರೆಗಳು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಅಷ್ಟಕ್ಕೇ ಬಹಳ ಜನ ಬಿಟ್ಟುಬಿಡುತ್ತಾರೆ. ನಿದ್ದೆ ಮಾತ್ರೆಯಂತೆ ಇವು ಚಟ ಹಿಡಿಸುವುದಿಲ್ಲ, ಆದರೆ ಗುಣವಾಯಿತೆಂದು ತಟ್ಟನೆ ನಿಲ್ಲಿಸಬಾರದು. ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ಇಳಿಸುತ್ತ ಬರಬೇಕು. ಐದನೆಯ ವಾರದ ಹೊತ್ತಿಗೆ ದೊಡ್ಡವ್ವ ಬೆಳಗಿನ ಜಾವ ಏಳುವುದು ಐದಕ್ಕೆ ಬಂತು. ಎರಡು ತಿಂಗಳಾದ ಮೇಲೆ ಫೋನು ಮಾಡಿ, ಕೆಂಪು ದಾರದ ಉಂಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಲಕ್ಷ್ಮೀನಗರದ ಮಾರ್ಕೆಟ್ಟಿನಿಂದ ನಾನೇ ತಂದುಕೊಟ್ಟೆ.

ದಿಲ್ಲಿ, ನೋಯ್ಡಾ, ಗುರುಗ್ರಾಮಗಳಲ್ಲಿರುವ ಕನ್ನಡದ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಅಪ್ಪ ಅಮ್ಮನನ್ನು ಡಾಕ್ಟರ ಬಳಿ ಕರೆದೊಯ್ಯುವ ಹಿಂದಿನ ರಾತ್ರಿ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಒಳಗೆ ಅನುವಾದಕ್ಕೆ ನೀವು ಕೂರಬೇಡಿ, ನಿಮ್ಮ ಮುಂದೆ ಅವರು ಎಲ್ಲವನ್ನೂ ಹೇಳಲಾರರು. ಸ್ನೇಹಿತರನ್ನೋ ನೆರೆಯವರನ್ನೋ ಕೂರಿಸಿ. ರಾವ್ ತುಲಾರಾಂ ಮಾರ್ಗದ ದೆಹಲಿ ಕರ್ನಾಟಕ ಸಂಘದಂಥ ನಮ್ಮ ಸಂಘಗಳು ರಾಜ್ಯೋತ್ಸವ, ನಾಟಕಗಳ ಜೊತೆಗೆ, ಆಸ್ಪತ್ರೆಗೆ ಜೊತೆ ಹೋಗಬಲ್ಲ ಹತ್ತು ಜನರ ಪಟ್ಟಿಯೊಂದನ್ನು ಇಟ್ಟುಕೊಂಡರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು. ಓದುವ ಅಭ್ಯಾಸ ಇರುವ ಹಿರಿಯರಿಗೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳನ್ನು ತಂದುಕೊಡಿ. ಮನಸ್ಸಿನ ಕಾಯಿಲೆಗಳನ್ನು ಅಷ್ಟು ಸರಳ ಕನ್ನಡದಲ್ಲಿ ಹೇಳಿದವರು ಕಡಿಮೆ.

ರಾತ್ರಿ ಹೊತ್ತು, ಯಾರೂ ಇಲ್ಲದಾಗ, ಬದುಕು ಸಾಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ್ದು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಂಖ್ಯೆ 14416. ಹಗಲಿರುಳೂ ತೆರೆದಿರುತ್ತದೆ, ಹಣ ಇಲ್ಲ, ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.